ದುಬೈಯಲ್ಲಿ ಆಗ ಬಿಸಿಲಿತ್ತು

"ನನ್ನ ಮಗ ವ್ರತ ಬಿಟ್ಟವನಲ್ಲ ಮೇಡಮ್. ದುಬೈಗೆ ಹೋಗಿ ಒಂಬತ್ತು ವರ್ಷ ಆಯ್ತು, ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಬಾಯಿಗೆ ಹಾಕಿದವನಲ್ಲ. ಆ ದಿನ ಕೂಡ ನೋಡಿ, ಫೋನ್ ಮಾಡಿದಾಗ 'ಊಟ ಆಯ್ತಾ ಮಗಾ' ಅಂತ ಕೇಳಿದೆ. 'ಹೊತ್ತು ಮುಳುಗಿತಲ್ಲಮ್ಮ, ಇನ್ನೆಂತ ಊಟ' ಅಂದ. ಹೆಂಡತಿ ಇಲ್ಲಿ ಸಾಯ್ತಾ ಇದ್ದಾಳೆ ಅಂತ ಅವನಿಗೆ ಗೊತ್ತುಂಟಾ ಪಾಪ!"

ಕಮಲಾವತಿಯಮ್ಮ ಇದನ್ನು ಹೇಳಿದ್ದು ಮಗನನ್ನು ಹೊಗಳಲಿಕ್ಕೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಆದರೆ ಹೆಗ್ಗಣವನ್ನು ಎತ್ತಿ ತೋರಿಸುವಾಗ ಎದುರಿಗೆ ಕೂತವರು ಯಾರು ಎಂದು ಒಮ್ಮೆ ನೋಡಿಕೊಳ್ಳಬೇಕು. ಎದುರಿಗೆ ಕೂತಿದ್ದವಳು ಇನ್‌ಸ್ಪೆಕ್ಟರ್ ಪ್ರಫುಲ್ಲಾ.

ಪ್ರಫುಲ್ಲಾ ಕೈಯಲ್ಲಿದ್ದ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟಳು.

"ಅಮ್ಮ, ಇನ್ನೊಮ್ಮೆ ಹೇಳಿ. ಎಂತ ಅಂದ?"

"ಹೊತ್ತು ಮುಳುಗಿತಲ್ಲ, ಇನ್ನೆಂತ ಊಟ ಅಂತ. ಯಾಕೆ, ಅದನ್ನೂ ಬರ್ಕೊಳ್ಳಿಕ್ಕುಂಟಾ?"

"ಹೌದು. ಎಲ್ಲ ಬರ್ಕೊಳ್ಳಿಕ್ಕುಂಟು."

ಅವಳು ಬಂದದ್ದು ಒಂದು ಸಹಿಗೆ. ಹೇಳಿಕೆಯ ಕೆಳಗೆ ಅತ್ತೆಯ ಒಂದು ಸಹಿ ಬಿದ್ದರೆ ತ್ರಿಶಾಳ ಕೊಲೆಯ ಕಡತ ಮುಚ್ಚುತ್ತಿತ್ತು. ಮೂಡುಬಿದಿರೆಯ ಈ ಮನೆಯ ಹಿರಿಸೊಸೆ, ಗುರುವಾಯನಕೆರೆಯ ಶಾಲೆಯೊಂದರ ಟೀಚರ್ ತ್ರಿಶಾ ಸತ್ತು ಎರಡು ವಾರವಾಗಿತ್ತು. ಅವಳ ಜೊತೆ ಪಾಠ ಮಾಡುತ್ತಿದ್ದ ತರುಣ್ ಕೊಲೆಗಾರನೆಂಬ ಹೆಸರು ಹೊತ್ತು ಜೈಲಿನಲ್ಲಿದ್ದ.

ತರುಣ್ ಮಾಡಿದ ಅಪರಾಧ ಇಷ್ಟೇ. ಆ ಸಂಜೆ ತ್ರಿಶಾಳ ಮೊಬೈಲಿಗೆ ಬಂದ ಕೊನೆಯ ಕರೆಗಳಲ್ಲಿ ಒಂದು ಅವನದಾಗಿತ್ತು. ಅವಳು ಗಂಡನಿಂದ ಬಿಡುಗಡೆ ಕೇಳಿ ವಕೀಲರ ಹತ್ತಿರ ಹೋಗಿದ್ದಳು, ಆ ವಕೀಲರ ವಿಳಾಸ ಕೊಟ್ಟವನೂ ಅವನೇ. ಪೇಟೆಗೆ ಅಷ್ಟು ಸಾಕಾಯಿತು. ಪೊಲೀಸರು ಮುಟ್ಟುವ ಮೊದಲೇ ಗುರುವಾಯನಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಜನ ಅವನನ್ನು ಹಿಡಿದು ಬಡಿದಿದ್ದರು. ಎಡಗಣ್ಣು ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಬಡಿದವರಲ್ಲಿ ಒಬ್ಬನೂ ಆಮೇಲೆ ಅವನ ಮನೆಯ ಕಡೆ ತಲೆ ಹಾಕಿರಲಿಲ್ಲ.

ಇವತ್ತು ಸಂಜೆಯ ವಿಮಾನಕ್ಕೆ ತ್ರಿಶಾಳ ಗಂಡ ಜಯೇಶ್ ದುಬೈಗೆ ಹಿಂದಿರುಗುವವನಿದ್ದ. ಅಂದು ರಾತ್ರಿಯೇ ಹೆಣ ಸಿಕ್ಕಿದ ಸುದ್ದಿ ಕೇಳಿ, ಮರುದಿನ ಬೆಳಿಗ್ಗೆ ದುಬೈಯಿಂದ ಮಂಗಳೂರಿಗೆ ಬಂದಿಳಿದೆನೆಂದು ಅವನು ಟಿಕೆಟ್ ತೋರಿಸಿದ್ದ. ಸೂತಕ ಕಳೆದಿತ್ತು. ಜಗಲಿಯಲ್ಲಿ ಅವನ ಸೂಟ್‌ಕೇಸು ಎದ್ದು ನಿಂತಿತ್ತು. ಅವನು ವಿಮಾನ ಹತ್ತಿದರೆ ತರುಣನ ಮೇಲಿನ ಕೇಸು ಕಲ್ಲಿನಲ್ಲಿ ಕೊರೆದ ಹಾಗೆ. ಮತ್ತೆ ಅದನ್ನು ಅಳಿಸುವವರು ಯಾರೂ ಇಲ್ಲ.

ಈ ಕೇಸು ನಿಂತಿದ್ದೇ ದೂರದ ಮೇಲೆ. ಮಂಗಳೂರಿನಿಂದ ದುಬೈ ಎರಡೂವರೆ ಸಾವಿರ ಕಿಲೋಮೀಟರಿಗೆ ಸ್ವಲ್ಪ ಕಮ್ಮಿ, ವಿಮಾನದಲ್ಲಿ ಮೂರೂವರೆ ಗಂಟೆ. ಈ ಊರಿನವರಿಗೆ ಅದೊಂದು ದೂರವೇ ಅಲ್ಲ. ಮೂಡುಬಿದಿರೆಯಲ್ಲಿ ರಾತ್ರಿ ಬಸ್ಸು ಹತ್ತಿ ಬೆಂಗಳೂರು ಮುಟ್ಟುವುದರೊಳಗೆ ದುಬೈಗೆ ಹೋಗಿ ಬರಬಹುದು ಎಂದು ಮದುವೆಮನೆಗಳಲ್ಲಿ ಒಬ್ಬರಲ್ಲ ಒಬ್ಬರು ತಮಾಷೆ ಮಾಡುತ್ತಾರೆ. ಆದರೆ ಕೊಲೆಯ ಲೆಕ್ಕಕ್ಕೆ ಅದು ಬೇಕಾದಷ್ಟು ದೂರ.

"ಸಂಜೆ ಏಳೂಕಾಲಕ್ಕೆ ದುಬೈ ನಂಬರಿನಿಂದ ತಾಯಿಗೆ ಫೋನ್ ಮಾಡಿದವ, ಅದೇ ಹೊತ್ತಿಗೆ ಸಿದ್ಧಕಟ್ಟೆಯಲ್ಲಿ ಹೆಂಡತಿಯನ್ನು ಕೆಂಪುಕಲ್ಲಿನ ಕೋರೆಯ ನೀರು ತುಂಬಿದ ಹೊಂಡಕ್ಕೆ ತಳ್ಳಿದನಾ? ಅವನಿಗೆಂತ ರೆಕ್ಕೆ ಉಂಟಾ ಮಾರಾಯ್ತಿ?" ಎಂದು ಮೇಲಿನ ಸಾಹೇಬರು ನಗಾಡಿದ್ದರು. ಪ್ರಫುಲ್ಲಾಳ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ. ಹೊಟ್ಟೆಯಲ್ಲಿ ಒಂದು ಸಂಶಯ ಮಾತ್ರ ಇತ್ತು, ಸಂಶಯವನ್ನು ಯಾವ ಕೋರ್ಟೂ ತೆಗೆದುಕೊಳ್ಳುವುದಿಲ್ಲ.

ಈಗ ಉತ್ತರವನ್ನು ಹೆತ್ತತಾಯಿಯೇ ಮಜ್ಜಿಗೆಯ ಜೊತೆ ತಂದು ಕೊಟ್ಟಿದ್ದರು.

ಪ್ರಫುಲ್ಲಾಳ ಗಂಡ ದುಬೈಯಲ್ಲಿ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುವವನು. ನಿನ್ನೆ ಸಂಜೆ ಅವನ ವಿಡಿಯೋ ಕಾಲ್ ಬಂದಾಗ ಇಲ್ಲಿ ಬಂಟ್ವಾಳದ ಕ್ವಾರ್ಟರ್ಸಿನಲ್ಲಿ ಕತ್ತಲು ಕವಿದು, ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚಿ, ಲೈಟು ಹಾಕಿ ಕೂತಿದ್ದಳು. ಅವನೋ ಆ ಕಡೆ ಅಂಗೈಯಿಂದ ಕಣ್ಣು ಮರೆಮಾಡಿಕೊಂಡು, "ಇರು ಮಾರಾಯ್ತಿ, ಪರದೆ ಎಳೀತೇನೆ, ಬಿಸಿಲು ಕಣ್ಣಿಗೇ ಹೊಡೀತದೆ" ಅಂದಿದ್ದ.

ದುಬೈಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿ ಏಳೂಕಾಲು ಅಂದರೆ ಅಲ್ಲಿ ಐದೂ ಮುಕ್ಕಾಲು. ಮಾರ್ಚಿನ ಬಿಸಿಲು ಅಲ್ಲಿನ ಗಾಜಿನ ಕಟ್ಟಡಗಳ ಮೇಲೆ ಇನ್ನೂ ಕುಣಿಯುವ ಹೊತ್ತು. ಹೊತ್ತು ಮುಳುಗಿತು ಎನ್ನಬೇಕಾದರೆ ಜಯೇಶ್ ಮೂಡುಬಿದಿರೆಯ ಸೂರ್ಯನ ಕೆಳಗೇ ನಿಂತಿರಬೇಕಿತ್ತು.

ಬೇರೆ ಯಾವ ಜಾತಿಯವನಾಗಿದ್ದರೂ 'ಆಯ್ತಮ್ಮ, ಉಂಡೆ' ಎಂದು ಹೇಳಿ ಬಚಾವಾಗುತ್ತಿದ್ದ. ಅನ್ನದ ವಿಷಯಕ್ಕೆ ಜೈನರ ಮನೆಯ ಹುಡುಗರು ಕಣ್ಣು ಬಿಟ್ಟಂದಿನಿಂದ ಆಕಾಶ ನೋಡಿ ಬೆಳೆದವರು. ಊಟ ಎಂಬ ಮಾತು ಕಿವಿಗೆ ಬಿದ್ದರೆ ಕಣ್ಣು ತಾನಾಗಿ ಪಡುವಣಕ್ಕೆ ಹೋಗುತ್ತದೆ. ಜಯೇಶ್ ಟಿಕೆಟಿನ ಸುಳ್ಳು, ಫೋನಿನ ಸುಳ್ಳು ಎಲ್ಲ ಸರಿಯಾಗಿ ಹೊಂದಿಸಿಕೊಂಡಿದ್ದ. ವ್ರತಕ್ಕೆ ಸುಳ್ಳು ಹೇಳಲು ನಾಲಗೆ ಕಲಿತಿರಲಿಲ್ಲ.

ಇನ್ನೊಂದು ಮಾತು ಪ್ರಫುಲ್ಲಾಳ ತಲೆಗೆ ಹೊಕ್ಕಿದ್ದು ಸ್ವಲ್ಪ ತಡವಾಗಿ. ಒಂಬತ್ತು ವರ್ಷ ಪ್ರತಿದಿನ ಮಗನ ಊಟ ವಿಚಾರಿಸಿದ ತಾಯಿ ಇವರು. ದುಬೈಯಲ್ಲಿ ಹೊತ್ತು ಯಾವಾಗ ಮುಳುಗುತ್ತದೆಂದು ಇವರಿಗೆ ಬಾಯಿಪಾಠ. ಹಾಗಿದ್ದೂ, ಮಗ 'ಹೊತ್ತು ಮುಳುಗಿತು' ಅಂದಾಗ 'ಅಲ್ಲಿ ಇನ್ನೂ ಬಿಸಿಲುಂಟಲ್ಲ ಮಗಾ' ಎಂದು ಇವರು ಯಾಕೆ ಕೇಳಲಿಲ್ಲ?

ಅವಳು ಕಾಗದವನ್ನು ಕಮಲಾವತಿಯಮ್ಮನ ಮುಂದೆ ಸರಿಸಿದಳು.

"ಇಲ್ಲಿ ಸಹಿ ಹಾಕಿ ಅಮ್ಮ."

ಕಮಲಾವತಿಯಮ್ಮ ಕನ್ನಡಕ ಏರಿಸಿಕೊಂಡು, ಶಾಲೆಯ ಮಕ್ಕಳ ಹಾಗೆ ಅಕ್ಷರ ಬಿಡಿಸಿ ಬಿಡಿಸಿ ಸಹಿ ಹಾಕಿದರು.

ಪ್ರಫುಲ್ಲಾ ಹೊರಗೆ ಬಂದು ಹೆಡ್ ಕಾನ್‌ಸ್ಟೆಬಲ್ ನೋಣಯ್ಯನನ್ನು ಕರೆದಳು.

"ನಮ್ಮ ಜೀಪನ್ನು ಗೇಟಿಗೆ ಅಡ್ಡ ಇಡಿ."

"ಅವರಿಗೆ ಏರ್‌ಪೋರ್ಟಿಗೆ ಹೊರಡ್ಲಿಕ್ಕುಂಟಲ್ಲ ಮೇಡಮ್?"

"ಅದಕ್ಕೇ ಹೇಳಿದ್ದು."

ನೋಣಯ್ಯ ಅವಳ ಮುಖ ನೋಡಿದ. ಮತ್ತೇನೂ ಕೇಳದೆ ಜೀಪಿನ ಕಡೆ ನಡೆದ.

ಜಗಲಿಯಲ್ಲಿ ಜಯೇಶನ ತಮ್ಮ ಆದೀಶ್ ಸೂಟ್‌ಕೇಸಿಗೆ ಹೆಸರಿನ ಚೀಟಿ ಕಟ್ಟುತ್ತಿದ್ದ. ಬಲಗೈಗೆ ಬೆರಳುಗಳವರೆಗೂ ಬ್ಯಾಂಡೇಜು, ಹಾಗಾಗಿ ಹಲ್ಲಿನಿಂದ ದಾರ ಎಳೆದು ಎಡಗೈಯಿಂದ ಗಂಟು ಹಾಕುತ್ತಿದ್ದ. ಗೇಟಿಗೆ ಸಿಕ್ಕಿ ಜಜ್ಜಿಹೋಯಿತೆಂದು ಹೆಣ ಸಿಕ್ಕಿದ ದಿನವೇ ಹೇಳಿದ್ದ. ಕಡಿಮೆ ಮಾತಿನ ಹುಡುಗ. ತಾಯಿಗೆ ಎದುರಾಡಿದ್ದನ್ನು ಆ ಬೀದಿ ಕಂಡಿರಲಿಲ್ಲ. ಈ ಮನೆಯಲ್ಲಿ ತ್ರಿಶಾಳಿಗೆ ಮಾತಿಗೆ ಸಿಗುತ್ತಿದ್ದವನು ಈ ಮೈದುನ ಒಬ್ಬನೇ ಎಂದು ನೆರೆಮನೆಯವರು ಹೇಳಿದ್ದರು.

"ಕೈ ಇನ್ನೂ ಗುಣ ಆಗ್ಲಿಲ್ವಾ?" ಎಂದು ಪ್ರಫುಲ್ಲಾ ಕೇಳಿದಳು.

"ಆಗ್ತದೆ ಮೇಡಮ್." ಅವನು ತಲೆ ಎತ್ತಲಿಲ್ಲ.

"ಅತ್ತಿಗೆ ಸತ್ತ ಮರುದಿನ ಬೆಳಿಗ್ಗೆ ಅಣ್ಣನನ್ನು ಏರ್‌ಪೋರ್ಟಿನಿಂದ ಕರ್ಕೊಂಡು ಬಂದದ್ದು ನೀವೇ ಅಲ್ವಾ?"

"ಹೌದು."

"ದುಬೈ ಫ್ಲೈಟಿನಿಂದ ಇಳಿದದ್ದನ್ನು ನೋಡಿದ್ರಾ, ಇಲ್ಲ ಹೊರಗೆ ಬಂದದ್ದನ್ನು ಮಾತ್ರ ನೋಡಿದ್ದಾ?"

ಆದೀಶನ ಹಲ್ಲಿನಿಂದ ದಾರ ಜಾರಿತು.

ಒಳಗೆ ಜಯೇಶ್ ಊಟಕ್ಕೆ ಕೂತಿದ್ದ. ಮೂರು ಗಂಟೆಯ ಹೊತ್ತು. ಬೆಳಕಿರುವಾಗಲೇ ಹೊಟ್ಟೆ ತುಂಬಿಸಿಕೊಂಡು ಹೊರಟರೆ ಬೆಳಗಿನವರೆಗೆ ಚಿಂತೆಯಿಲ್ಲ. ಬಾಳೆಕಾಯಿ ಪಲ್ಯ, ತೊವ್ವೆ, ಹಪ್ಪಳ. ಮಗನಿಗೆ ತುಪ್ಪ ಬಡಿಸುತ್ತಿದ್ದ ಕಮಲಾವತಿಯಮ್ಮ ಎರಡನೆಯ ಚಮಚಕ್ಕೆ ಕೈ ಹಾಕಿದ್ದರು. ಪ್ರಫುಲ್ಲಾ ಎದುರಿನ ಕುರ್ಚಿ ಎಳೆದುಕೊಂಡು ಕೂತಳು.

"ಬನ್ನಿ ಮೇಡಮ್, ಊಟ ಮಾಡುವ," ಅಂದ ಜಯೇಶ್. ಹೆಂಡತಿ ಸತ್ತ ಗಂಡಸಿನ ಸ್ವರವನ್ನು ಎಷ್ಟು ಬೇಕೋ ಅಷ್ಟೇ ತಗ್ಗಿಸಿ ಮಾತಾಡುತ್ತಿದ್ದ.

"ನನ್ನದಾಯ್ತು. ಫ್ಲೈಟು ಎಷ್ಟಕ್ಕೆ?"

"ಏಳಕ್ಕೆ. ನಾಲ್ಕಕ್ಕೆ ಇಲ್ಲಿಂದ ಬಿಡ್ಬೇಕು."

"ಅಲ್ಲಿಗೆ ಇಳಿಯುವಾಗ ರಾತ್ರಿ ಆಗ್ತದಲ್ಲ. ಊಟ?"

"ಇದೇ ಊಟ. ವಿಮಾನದಲ್ಲಿ ನಾನು ಮುಟ್ಟುವುದಿಲ್ಲ."

"ಭಾರೀ ಕಷ್ಟದ ವ್ರತ. ದುಬೈಯಲ್ಲಿ ಈಗ ಹೊತ್ತು ಮುಳುಗುವುದು ಎಷ್ಟಕ್ಕೆ?"

"ಆರೂವರೆ ಹತ್ತಿರ."

"ನಮ್ಮ ಗಡಿಯಾರದಲ್ಲಿ?"

"ಎಂಟು. ಅಮ್ಮನಿಗೆ ಅದೇ ತಮಾಷೆ. ಇಲ್ಲಿ ಅವರು ಜಪ ಮುಗಿಸಿ ಹಾಸಿಗೆ ಹಾಸುವಾಗ ನಾನು ಅಲ್ಲಿ ಊಟಕ್ಕೆ ಕೂರುವುದು. 'ನೋಡಮ್ಮ, ಬಿಸಿಲುಂಟು' ಅಂತ ಕಿಟಕಿ ತೋರಿಸಿಯೇ ತಿನ್ನುವುದು, ಇಲ್ಲದಿದ್ರೆ ಬೈತಾರೆ."

ಕಮಲಾವತಿಯಮ್ಮ ನಕ್ಕರು. ನಗು ಅರ್ಧಕ್ಕೆ ಬಂದು ಕೆನ್ನೆಯಲ್ಲಿಯೇ ನಿಂತುಬಿಟ್ಟಿತು. ತುಪ್ಪದ ಚಮಚ ತಟ್ಟೆಯ ಮೇಲೆ ಹಾಗೇ ಉಳಿಯಿತು. ಮಗನಿಗಿಂತ ಮೊದಲು ತಾಯಿಗೆ ಹೊಳೆದಿತ್ತು.

"ಹಾಗಾದ್ರೆ ತ್ರಿಶಾ ಸತ್ತ ದಿನ ಏಳೂಕಾಲಕ್ಕೆ ನೀವು ನೋಡಿದ್ದು ಯಾವ ಸೂರ್ಯನನ್ನು?" ಎಂದಳು ಪ್ರಫುಲ್ಲಾ. "'ಹೊತ್ತು ಮುಳುಗಿತಲ್ಲಮ್ಮ, ಇನ್ನೆಂತ ಊಟ' ಅಂದ್ರಂತೆ. ಈಗಷ್ಟೇ ಅಮ್ಮ ಹೇಳಿ ಸಹಿ ಹಾಕಿದ್ರು. ದುಬೈಯಲ್ಲಿ ಆಗ ಬಿಸಿಲಿತ್ತು ಜಯೇಶ್."

ಜಯೇಶನ ಕೈ ತುತ್ತಿನೊಂದಿಗೆ ನಿಂತಿತು. ಒಂದೇ ಕ್ಷಣ. ಆಮೇಲೆ ಅವನು ಆ ತುತ್ತನ್ನು ಬಾಯಿಗಿಟ್ಟು, ಅಗಿದು, ನುಂಗಿದ.

"ಅಮ್ಮನಿಗೆ ವಯಸ್ಸಾಯ್ತು. ಯಾವತ್ತಿನ ಮಾತನ್ನೋ ಯಾವತ್ತಿಗೋ ಹೇಳಿದ್ದಾರೆ."

"ಹೌದು ಮೇಡಮ್, ಹೌದು!" ಕಮಲಾವತಿಯಮ್ಮ ಮುನ್ನುಗ್ಗಿದರು. "ನನಗೆ ಮರೆವು. ಆ ದಿನ ಅವನ ಫೋನೇ ಬರ್ಲಿಲ್ಲ. ನಾನು ಸುಳ್ಳು ಹೇಳಿದ್ದು. ಆ ಕಾಗದ ಕೊಡಿ ಇಲ್ಲಿ."

ಬಾಣಲೆಯಿಂದ ಎತ್ತಿ ಬೆಂಕಿಗೆ ಹಾಕುವುದೆಂದರೆ ಇದು. ಆ ಫೋನೊಂದೇ ಅವನನ್ನು ದುಬೈಯಲ್ಲಿ ನಿಲ್ಲಿಸಿದ್ದ ಕಂಬ. ಮಗನನ್ನು ಉಳಿಸಲು ಓಡಿಬಂದ ತಾಯಿ ಅದನ್ನೇ ಕಿತ್ತು ಬಿಸಾಡಿದ್ದರು.

"ಅಮ್ಮ, ಬಾಯಿ ಮುಚ್ಚು," ಅಂದ ಜಯೇಶ್. ಸ್ವರ ಏರಿಸಲಿಲ್ಲ. "ಒಂದು ಸುಳ್ಳನ್ನು ನೆಟ್ಟಗೆ ಹೇಳ್ಲಿಕ್ಕೆ ಬರುವುದಿಲ್ಲ ನಿನಗೆ. ಒಂದು ಸತ್ಯವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಕ್ಕೂ ಬರುವುದಿಲ್ಲ."

ಕಮಲಾವತಿಯಮ್ಮ ಪೆಟ್ಟು ತಿಂದವರಂತೆ ಹಿಂದೆ ಸರಿದು ಗೋಡೆಗೆ ಒರಗಿದರು. ಪ್ರಫುಲ್ಲಾಳಿಗೆ ಅವರ ಮೇಲೆ ಕನಿಕರ ಬರಬೇಕಿತ್ತು. ಬರಲಿಲ್ಲ.

ಅವಳು ತನ್ನ ಮೊಬೈಲು ತೆಗೆದು ತಟ್ಟೆಯ ಪಕ್ಕ ಇಟ್ಟಳು. ಪರದೆಯ ಮೇಲೆ ತ್ರಿಶಾಳ ಎರಡು ಕೈಗಳು. ಶವಪರೀಕ್ಷೆಯ ಮೇಜಿನ ಮೇಲೆ ತೆಗೆದ ಫೋಟೋ.

"ಉಗುರು ನೋಡಿ. ಒಂದೂ ಉಳಿದಿಲ್ಲ. ತಲೆಗೆ ಬಿದ್ದ ಪೆಟ್ಟಿನಿಂದ ಅವಳು ಸಾಯಲಿಲ್ಲ, ಕೋರೆಗೆ ಬಿದ್ದ ಮೇಲೂ ಅರ್ಧ ಗಂಟೆ ಬದುಕಿದ್ದಳು, ನೀರಿನಲ್ಲಿ ಮುಳುಗಿ ಸತ್ತದ್ದು ಅಂತ ಡಾಕ್ಟರು ಬರೆದಿದ್ದಾರೆ. ಕೆಂಪುಕಲ್ಲು ಕಡಿದ ಗೋಡೆ ಹೇಗಿರ್ತದೆ ಗೊತ್ತುಂಟಲ್ಲ? ಮೆಷಿನಿನಲ್ಲಿ ಕೊಯ್ದದ್ದು. ಹಲ್ಲಿ ಹತ್ತಲಿಕ್ಕೂ ಹಿಡಿತ ಸಿಗುವುದಿಲ್ಲ. ಅದನ್ನು ಪರಚಿದ್ದಾಳೆ."

ಜಯೇಶ್ ಫೋಟೋ ನೋಡಿದ. ಎಡಗೈಯ ಒಂದು ಬೆರಳಿನಿಂದ ಮೊಬೈಲನ್ನು ಬದಿಗೆ ಸರಿಸಿದ. ಅನ್ನಕ್ಕೆ ಮಜ್ಜಿಗೆ ಹಾಕಿ ಕಲಸಿಕೊಂಡ.

ಇಷ್ಟು ವರ್ಷದ ನೌಕರಿಯಲ್ಲಿ ಪ್ರಫುಲ್ಲಾ ಕುಡುಕರನ್ನು, ಕಡಿದವರನ್ನು, ಸುಟ್ಟವರನ್ನು ಕಂಡಿದ್ದಳು. ಮೈಯೆಲ್ಲ ಹೇಸಿಗೆಯಾದದ್ದು ಇದೇ ಮೊದಲು. ಕತ್ತಲೆಯಲ್ಲಿ ಕಣ್ಣಿಗೆ ಬೀಳದ ಒಂದು ಹುಳ ಅನ್ನದ ಜೊತೆ ಸತ್ತುಹೋದೀತು ಎಂಬ ಕರುಣೆಯಿಂದ ಹಿರಿಯರು ಮಾಡಿಕೊಂಡ ವ್ರತ ಅದು. ಅದನ್ನು ಒಂದು ದಿನವೂ ಮುರಿಯದವನು ಹೆಂಡತಿಯನ್ನು ಹೊಂಡಕ್ಕೆ ಹಾಕಿ, ಅಂಚಿನಲ್ಲಿ ನಿಂತು, ಇವತ್ತು ಊಟ ತಪ್ಪಿತಲ್ಲ ಎಂದು ತಾಯಿಯ ಹತ್ತಿರ ಹೇಳಿಕೊಂಡಿದ್ದ.

"ಪಾಸ್‌ಪೋರ್ಟ್ ಕೊಡಿ," ಎಂದಳು.

"ವಾರಂಟ್ ಉಂಟಾ?"

"ಇಲ್ಲ."

"ಹಾಗಾದ್ರೆ ತಂದು ಕೇಳಿ. ಟಿಕೆಟ್ ತೋರಿಸಿದ್ದೇನಲ್ಲ ಅವತ್ತೇ. ದುಬೈಯಿಂದ ಮಂಗಳೂರು, ನನ್ನ ಹೆಸರಿನಲ್ಲಿ."

"ಟಿಕೆಟ್ ತೆಗೆದವರೆಲ್ಲ ವಿಮಾನ ಹತ್ತಿರುವುದಿಲ್ಲ. ಅವತ್ತು ಯಾರೆಲ್ಲ ಹತ್ತಿದ್ರು ಅಂತ ಕೇಳಿ ಕಾಗದ ಬರೆದು ವಾರ ಆಯ್ತು."

"ಉತ್ತರ ಬಂತಾ?"

"ಬರ್ತದೆ."

"ಬರ್ಲಿ. ನಾನು ಅಲ್ಲೇ ಇರ್ತೇನೆ, ದುಬೈಯಲ್ಲಿ. ಮೂರೂವರೆ ಗಂಟೆಯ ದಾರಿ ಅಷ್ಟೆ ಮೇಡಮ್, ನೀವೇ ಬನ್ನಿ ಒಮ್ಮೆ. ನಿಮ್ಮ ಯಜಮಾನರೂ ಅಲ್ಲೇ ಇರುವುದಂತಲ್ಲ, ನೋಡಿದ ಹಾಗೂ ಆಗ್ತದೆ."

ಅವನು ನಕ್ಕ. ಆ ಹೊತ್ತಿಗೆ ತರುಣನ ಬ್ಯಾಂಡೇಜು ಸುತ್ತಿದ ಕಣ್ಣು ಪ್ರಫುಲ್ಲಾಳ ಎದುರು ಬಂದು ನಿಂತಿತು. ಕೈಯಲ್ಲಿ ಇರುವುದು ಒಂದು ಮುದುಕಿಯ ಸಹಿ. ನಾಳೆ ವಕೀಲರು ಬಂದು ಮರೆವು ಅಂದರೆ ಅದೂ ಹೋಯಿತು. ಗೇಟಿಗೆ ಅಡ್ಡ ಇಟ್ಟ ಜೀಪನ್ನು ಎಷ್ಟು ಹೊತ್ತು ಇಟ್ಟಾಳು? ಮೇಲಿನಿಂದ ಒಂದು ಫೋನ್ ಬರುವವರೆಗೆ.

"ಪಾಸ್‌ಪೋರ್ಟ್ ಇಲ್ಲಿ ಉಂಟು ಮೇಡಮ್."

ಮಾತಾಡಿದ್ದು ಆದೀಶ್. ಬಾಗಿಲಲ್ಲಿ ಸೂಟ್‌ಕೇಸಿನ ಪಕ್ಕ ನಿಂತಿದ್ದ. ಅದರ ಮುಂದಿನ ಜೇಬಿನ ಜಿಪ್ಪು ತೆರೆದಿತ್ತು.

"ಆದೀ!" ಜಯೇಶ್ ಮೊದಲ ಬಾರಿಗೆ ಕುರ್ಚಿಯಿಂದ ಎದ್ದ. ಎಂಜಲು ಕೈ ಗಾಳಿಯಲ್ಲಿತ್ತು. "ಒಳಗಿಡು ಅದನ್ನು."

ಆದೀಶ್ ಎಡಗೈಯನ್ನು ಚಾಚಿದ. ಪಾಸ್‌ಪೋರ್ಟ್ ಅದರಲ್ಲಿತ್ತು. ಪ್ರಫುಲ್ಲಾ ಪಾಸ್‌ಪೋರ್ಟನ್ನು ಕಸಿದ ಹಾಗೆ ತೆಗೆದುಕೊಂಡು ಪುಟ ಮಗುಚಿದಳು.

ಕೊನೆಯ ಸೀಲು ಮಂಗಳೂರಿನದಾಗಿರಲಿಲ್ಲ, ಬೆಂಗಳೂರಿನದು. ತ್ರಿಶಾ ಸಾಯುವುದಕ್ಕೆ ಮೂರು ದಿನ ಮೊದಲು ಅವನು ದುಬೈಯಿಂದ ಬೆಂಗಳೂರಿಗೆ ಬಂದು ಇಳಿದಿದ್ದ. ಅದರ ನಂತರದ ಪುಟಗಳು ಬೆಳ್ಳಗಿದ್ದವು.

ಎಲ್ಲ ಎಷ್ಟು ಸುಲಭವಾಗಿತ್ತು! ಕೊಲೆ ಮಾಡಿ, ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿ, ಬೆಳಗಿನ ವಿಮಾನದಲ್ಲಿ ಅಲ್ಲಿಂದ ಮಂಗಳೂರಿಗೆ ಬಂದು ಇಳಿದಿದ್ದ. ಅದೇ ಹೊತ್ತಿಗೆ ದುಬೈ ವಿಮಾನವೂ ಬಂದಿತ್ತು. ತಳ್ಳುಗಾಡಿಯಲ್ಲಿ ಪೆಟ್ಟಿಗೆ ಇಟ್ಟು, ಕಣ್ಣು ಕೆಂಪು ಮಾಡಿಕೊಂಡು ಹೊರಬಂದವನನ್ನು ಕಂಡು ನೆಂಟರೆಲ್ಲ ಗೋಳೋ ಎಂದಿದ್ದರು. ಸಾವಿನ ಮನೆಗೆ ಓಡಿ ಬಂದವನ ಹತ್ತಿರ ಯಾವ ವಿಮಾನದಿಂದ ಇಳಿದೆ ಎಂದು ಯಾರು ಕೇಳುತ್ತಾರೆ?

"ಈಗ ಕೈ ತೊಳ್ಕೋ," ಎಂದಳು ಪ್ರಫುಲ್ಲಾ. ಬಹುವಚನ ಬಾಯಿಯಿಂದ ಬಿದ್ದುಹೋಗಿತ್ತು. "ನಿನ್ನ ಊಟ ಆಯ್ತು."

ಜಯೇಶ್ ತಮ್ಮನನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. ಸಾಕಿದ ದನ ಹಾಯ್ದರೆ ಆಗುವಂಥ ಆಶ್ಚರ್ಯ.

ಸಿಟ್ಟು ಬಂದದ್ದು ಕಮಲಾವತಿಯಮ್ಮನಿಗೆ. ಗೋಡೆಗೆ ಒರಗಿದ್ದವರು ಎದ್ದು ಬಂದು, ಕಿರಿಯ ಮಗನ ಕೆನ್ನೆಗೆ ಹೊಡೆದರು. ಒಂದಲ್ಲ, ಎರಡು. ಅವನು ಮುಖ ತಿರುಗಿಸಲಿಲ್ಲ.

"ಅಣ್ಣನ ಅನ್ನ ಉಂಡು ಅಣ್ಣನನ್ನೇ ಹಿಡಿದು ಕೊಟ್ಟೆಯಾ? ಓದಿಸಿದ್ದು ಯಾರು ನಿನ್ನನ್ನು? ಮನೆಗೆ ಸ್ಲಾಬು ಹಾಕಿಸಿದ್ದು ಯಾರು?"

"ಅಮ್ಮ, ಬಿಡಿ ಅವನನ್ನು," ಎಂದು ಪ್ರಫುಲ್ಲಾ ನಡುವೆ ಬಂದಳು.

"ನೀವು ಬರ್ಕೊಳ್ಳಿ ಮೇಡಮ್!" ಕಮಲಾವತಿಯಮ್ಮ ಅವಳ ಕಡೆ ತಿರುಗಿದರು. ಕಣ್ಣಿನಲ್ಲಿ ಒಂದು ಹನಿ ನೀರಿರಲಿಲ್ಲ. "ಎಲ್ಲ ಬರ್ಕೊಳ್ಳಿಕ್ಕುಂಟು ಅಂದ್ರಲ್ಲ. ಇದನ್ನೂ ಬರ್ಕೊಳ್ಳಿ. ಆ ದಿನ ಫೋನಿನಲ್ಲಿ ನನಗೆ ಅವಳ ಸ್ವರ ಕೇಳಿದೆ."

"ಯಾರ ಸ್ವರ?"

"ತ್ರಿಶಾಳದ್ದು. ದೂರದಿಂದ, ಬಾವಿಯ ಒಳಗಿಂದ ಬಂದ ಹಾಗೆ. 'ಆದೀಶಾ, ಕೈ ಕೊಡು' ಅಂತ. ಗಂಡನ ಹೆಸರು ಹೇಳ್ಲಿಲ್ಲ ಅವಳು. ಇವನ ಹೆಸರು ಹೇಳಿದ್ದು. ಸಿದ್ಧಕಟ್ಟೆಗೆ ಬಾ ಅತ್ತಿಗೆ ಅಂತ ಅವಳನ್ನು ಕರೆಸಿದ್ದೂ ಇವನೇ. ತಳ್ಳಿದ್ದು ಯಾರು ಅಂತ ನೀವೇ ಯೋಚನೆ ಮಾಡಿ. ನನ್ನ ಜಯೇಶ ಇರುವೆಯನ್ನು ಕೂಡ ತುಳಿಯುವವನಲ್ಲ."

ನೋಣಯ್ಯ ಬಾಗಿಲಿಗೆ ಬಂದು ನಿಂತವನು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಒಬ್ಬ ಮಗನನ್ನು ಉಳಿಸಲು ಇನ್ನೊಬ್ಬನನ್ನು ತಕ್ಕಡಿಗೆ ಹಾಕುವ ತಾಯಿಯನ್ನು ಅವನೂ ಅಲ್ಲಿಯವರೆಗೆ ಕಂಡಿರಲಿಲ್ಲ.

ದಿನಾ ವೇಣೂರಿನ ಮೇಲೆ ಮನೆಗೆ ಬರುತ್ತಿದ್ದ ತ್ರಿಶಾ ಆ ಸಂಜೆ ಸಿದ್ಧಕಟ್ಟೆಯ ಬಸ್ಸು ಹತ್ತಿದ್ದಳು. ಯಾಕೆ ಎಂದು ಎರಡು ವಾರದಿಂದ ತಿಳಿಯದೆ ಪ್ರಫುಲ್ಲಾ ತಲೆ ಕೆಡಿಸಿಕೊಂಡಿದ್ದಳು. "ಯಾರೋ ನಮ್ಮವರೇ ಕಾಯ್ತಾ ಇದ್ದಾರೆ ಅಂದ್ರು ಟೀಚರು, ನಗಾಡ್ತಾ ಇಳಿದ್ರು," ಎಂದು ಬಸ್ಸಿನ ಕಂಡಕ್ಟರ್ ಇದಿನಬ್ಬ ಹೇಳಿದ್ದ. ನಗಾಡುತ್ತಾ ಇಳಿಯುವಷ್ಟು ನಂಬಿಕೆ ಅವಳಿಗೆ ಈ ಮನೆಯಲ್ಲಿ ಒಬ್ಬನ ಮೇಲೆ ಮಾತ್ರ ಇತ್ತು.

"ಆದೀಶ್, ಹೌದಾ?" ಎಂದು ಕೇಳಿದಳು.

ಆದೀಶ್ ಸೂಟ್‌ಕೇಸನ್ನು ಬದಿಗೆ ಸರಿಸಿದ. ಹಲ್ಲಿನಿಂದ ಬ್ಯಾಂಡೇಜಿನ ತುದಿ ಕಚ್ಚಿ ಎಳೆದ. ಬಟ್ಟೆ ಸುತ್ತು ಸುತ್ತಾಗಿ ಬಿಚ್ಚಿ ನೆಲಕ್ಕೆ ಬಿತ್ತು.

ಗೇಟಿಗೆ ಸಿಕ್ಕಿದ ಕೈ ಅದಾಗಿರಲಿಲ್ಲ. ಗೆಣ್ಣುಗಳ ಮೇಲೆ ಚರ್ಮ ಸುಲಿದು, ನಡುವೆ ಬೂಟಿನ ಹಿಮ್ಮಡಿಯ ಅಂಚು ಅರ್ಧಚಂದ್ರದ ಹಾಗೆ ಕಪ್ಪಾಗಿ ಒತ್ತಿತ್ತು. ಮಣಿಕಟ್ಟಿನ ಸುತ್ತ ನಾಲ್ಕು ಗೀರುಗಳಿದ್ದವು. ಜೋರಾಗಿ ಹಿಡಿದುಕೊಂಡ ಇನ್ನೊಂದು ಕೈಯ ಉಗುರಿನ ಗೀರುಗಳು.

"ಕರೆಸಿದ್ದು ನಾನೇ ಮೇಡಮ್. ಅಣ್ಣ ಬಂದಿದ್ದಾನೆ, ರಾಜಿ ಮಾತಾಡಬೇಕಂತೆ, ನಾನಿರ್ತೇನೆ ಹೆದರಬೇಡ ಅಂದಿದ್ದೆ." ಅವನು ಆ ಕೈಯನ್ನು ಎತ್ತಿ ತೋರಿಸಿದ. "ಅವಳು ಕೈ ಕೊಡು ಅಂದದ್ದೂ ಹೌದು. ನಾನು ಮಲಗಿ ಕೈ ಕೊಟ್ಟೆ. ಹಿಡಿದಳು. ಅಣ್ಣ ತುಳಿದ. ಆದ್ರೂ ನಾನು ಬಿಡ್ಲಿಲ್ಲ."

"ಸುಳ್ಳು," ಅಂದ ಜಯೇಶ್. ಆದರೆ ಅವನು ನೋಡುತ್ತಿದ್ದದ್ದು ತಮ್ಮನನ್ನಲ್ಲ, ತಾಯಿಯನ್ನು.

"ಮತ್ತೆ ಹೇಗೆ ಬಿಟ್ಟದ್ದು?" ಎಂದು ಪ್ರಫುಲ್ಲಾ ಕೇಳಿದಳು.

"ಅಣ್ಣನ ಫೋನು ಸ್ಪೀಕರಿನಲ್ಲಿತ್ತು ಮೇಡಮ್. ಅಮ್ಮನ ಸ್ವರ ನನಗೂ ಕೇಳ್ತಾ ಇತ್ತು, ಅವಳಿಗೂ ಕೇಳ್ತಾ ಇತ್ತು." ಆದೀಶ್ ತಾಯಿಯ ಕಡೆ ತಿರುಗಿದ. ಹುಟ್ಟಿದಂದಿನಿಂದ ಎದುರಾಡದವನು ಅವರ ಕಣ್ಣಿನಲ್ಲಿ ಕಣ್ಣಿಟ್ಟ. "ಅವಳು ಕೂಗಿದ್ದನ್ನು ಬರೆಸಿದೆಯಲ್ಲಮ್ಮ. ಅದು ಕೇಳಿದ ಮೇಲೆ ನೀನು ನನಗೆ ಎಂತ ಹೇಳಿದೆ? ನಾನು ಕೈ ಬಿಟ್ಟದ್ದು ಆಮೇಲೆ. ಅದನ್ನೂ ಬರೆಸು."

ಕಮಲಾವತಿಯಮ್ಮ ಮೇಜಿನ ಮೇಲಿದ್ದ ಮಗನ ತಟ್ಟೆಯನ್ನು ಎತ್ತಿಕೊಂಡರು. ಕಿಟಕಿಯ ಹೊರಗೆ ಬಸದಿಯ ಕಡೆಯಿಂದ ಬೀಳುತ್ತಿದ್ದ ಬಿಸಿಲನ್ನು ಒಮ್ಮೆ ನೋಡಿದರು. ಇಬ್ಬರು ಮಕ್ಕಳಲ್ಲಿ ಯಾರ ಮುಖವನ್ನೂ ನೋಡದೆ ನೆಟ್ಟಗೆ ಅಡುಗೆಮನೆಗೆ ನಡೆದರು.

"ಅಮ್ಮ, ಬೇಡ!" ಎಂದು ಪ್ರಫುಲ್ಲಾ ಎರಡು ಹೆಜ್ಜೆ ಇಡುವುದರೊಳಗೆ ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಬಿತ್ತು.